ಕಾಲಮಿತಿ ಯಕ್ಷಗಾನ: ಇಡೀ ರಾತ್ರಿಯ ಪ್ರಸಂಗ ಕಿರಿದಾಗುವ ಬಗೆ

ದೀಪಾವಳಿಯ ನಂತರ ಆರಂಭವಾಗಿ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯವರೆಗೆ ಸಾಗುವುದು ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಗದ್ದೆ-ಬಯಲುಗಳಲ್ಲಿ ಭಕ್ತರ ಹರಕೆಯ ಆಟಗಳು ನಡೆಯುವುದು ಇದೇ ಅವಧಿಯಲ್ಲಿ. ಸಂಜೆ ಚೌಕಿಪೂಜೆಯಿಂದ ಮೊದಲ್ಗೊಂಡು ಬೆಳಗಿನವರೆಗೆ ಸಾಗುತ್ತಿದ್ದ ಹಳೆಯ ಪ್ರಸಂಗಗಳನ್ನು ಐದಾರು ಗಂಟೆಗಳಿಗೆ ಅಳವಡಿಸುವುದೇ 'ಕಾಲಮಿತಿ'.

ಕಾರಣಗಳು

ಮರುದಿನ ಬೆಳಿಗ್ಗೆ ಕಚೇರಿಗೆ, ಶಾಲೆಗೆ ಹೊರಡಬೇಕಾದ ಪ್ರೇಕ್ಷಕರು ರಾತ್ರಿಯಿಡೀ ಕುಳಿತಿರಲಾರರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಕೆಗೆ ಮಿತಿ ಹೇರುವ 2000ದ ಶಬ್ದಮಾಲಿನ್ಯ ನಿಯಮಗಳೂ ಇವೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳ ಕಾಲಮಿತಿಗೆ ಹೊರಳಿದ ಪ್ರಮುಖ ಮೇಳ. 2022ರಲ್ಲಿ ಕಟೀಲು ಮೇಳಗಳೂ ಇದನ್ನು ಅಳವಡಿಸಿಕೊಂಡಾಗ, ಹರಕೆಯ ಆಟ ಬೆಳಗಿನವರೆಗೆ ನಡೆಯಲೇಬೇಕೆಂಬ ಒತ್ತಾಯ ಭಕ್ತರಿಂದ ಕೇಳಿಬಂತು.

ಬದಲಾಗುವುದೇನು?

ಯಕ್ಷಗಾನ ಪ್ರಸಂಗವೆಂದರೆ ಹಾಡುಗಳ ಪಠ್ಯ. ಮಾತನ್ನು ಕಲಾವಿದ ರಂಗದಲ್ಲೇ ಕಟ್ಟುತ್ತಾನೆ. ಆದುದರಿಂದ ಹಳೆಯ ಪದ್ಯಕ್ಕೆ ಹೊಸ ಕಾಲದ ಅರ್ಥ ಹೇಳುವ ಅವಕಾಶ ಮೊದಲಿನಿಂದಲೂ ಇದೆ. ಪ್ರಸಂಗದ ಗಾತ್ರವೂ ಸ್ಥಿರವಲ್ಲ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938-2023) 'ದೇವಿ ಮಹಾತ್ಮೆ'ಯನ್ನು ಐದು ದಿನಗಳ ಪ್ರದರ್ಶನಕ್ಕೆ ಸಾಲುವಂತೆ ವಿಸ್ತರಿಸಿ ರಚಿಸಿದ್ದರು. ಕಿರಿದಾಗಿಸುವಾಗ ಪದ್ಯಗಳನ್ನು ಆಯ್ದು ಬಿಡಲಾಗುತ್ತದೆ, ಒಡ್ಡೋಲಗಗಳು ಮೊಟಕಾಗುತ್ತವೆ, ಸಂಭಾಷಣೆ ಬಿಗಿಯಾಗುತ್ತದೆ. ನಡುರಾತ್ರಿಯ ಕತ್ತಲಲ್ಲಿ ದೊಂದಿ ಹಿಡಿದು ಪ್ರೇಕ್ಷಕರ ನಡುವಿನಿಂದ ಬರುತ್ತಿದ್ದ ಮಹಿಷಾಸುರ, ಕಾಲಮಿತಿಯಲ್ಲಿ ಊಟದ ಹೊತ್ತಿಗೇ ರಂಗವೇರುತ್ತಾನೆ. ಕತೆ ಚುರುಕಾಗುವುದು ಇದರ ಲಾಭ.

ಪೂರ್ವರಂಗದ ಪ್ರಶ್ನೆ

ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ತೆಂಕುತಿಟ್ಟಿನಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬರುವ ಈ ಭಾಗ ಕತೆಗೆ ಸಂಬಂಧಿಸಿದ್ದಲ್ಲ. ಆದರೆ ಮೇಳ ಸೇರಿದ ಹುಡುಗ ಹೆಜ್ಜೆ ಕಲಿತು, ಸಭಾಕಂಪನ ಕಳೆದುಕೊಂಡು, ವರ್ಷದಿಂದ ವರ್ಷಕ್ಕೆ ಮುಂದಿನ ವೇಷಕ್ಕೆ ಏರುತ್ತಿದ್ದುದು ಇಲ್ಲಿಯೇ. ಪೂರ್ವರಂಗಕ್ಕೆ ಹಾಡುವ 'ಸಂಗೀತಗಾರ'ನೇ ಪಳಗಿದ ಬಳಿಕ ಭಾಗವತನಾಗುತ್ತಿದ್ದ.

ಇಂದು ಆರಂಭಿಕ ಪಾಠವನ್ನು ತರಬೇತಿ ಕೇಂದ್ರಗಳು ಹಾಗೂ ಶಾಲೆ-ಕಾಲೇಜುಗಳ ಯಕ್ಷಗಾನ ತಂಡಗಳು ಒದಗಿಸುತ್ತಿವೆ. ಆದರೆ ತಿರುಗಾಟದಲ್ಲಿ ಪ್ರತಿರಾತ್ರಿ ಹಿರಿಯರ ಕಣ್ಣೆದುರು ಕುಣಿದು ತಿದ್ದಿಕೊಳ್ಳುವ ಕಲಿಕೆ ಬೇರೆಯದೇ. ಪ್ರಸಂಗವನ್ನು ಇಂದಿನ ಪ್ರೇಕ್ಷಕನಿಗೆ ಹೊಂದಿಸುವಷ್ಟೇ ಮುಖ್ಯವಾದುದು, ನಾಳೆ ಅದನ್ನು ಆಡುವವನಿಗೆ ರಂಗದಲ್ಲಿ ಒಂದರ್ಧ ಗಂಟೆಯನ್ನಾದರೂ ಉಳಿಸುವುದು.