ಸೇಬಿನ ಜಜ್ಜುಗಾಯದ ಪತ್ತೆ: ಡಿಜಿಟಲ್ ಚಿತ್ರಣದ ಚರಿತ್ರೆ

ಕೊಯ್ಲು, ತುಂಬುವಿಕೆ ಮತ್ತು ಸಾಗಣೆಯ ವೇಳೆ ಬೀಳುವ ಪೆಟ್ಟಿನಿಂದ ಸೇಬಿನ ಸಿಪ್ಪೆ ಹರಿಯದೆಯೇ ಒಳಗಿನ ತಿರುಳು ನಜ್ಜಾಗುವುದನ್ನು ಜಜ್ಜುಗಾಯ ಎನ್ನಲಾಗುತ್ತದೆ. ಪೆಟ್ಟು ಬಿದ್ದೆಡೆ ಕೋಶಗಳು ಒಡೆದು, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಫೀನಾಲ್ ಸಂಯುಕ್ತಗಳೂ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಆಮ್ಲಜನಕದೊಡನೆ ಕೂಡುವುದರಿಂದ ತಿರುಳು ಕ್ರಮೇಣ ಕಂದುಬಣ್ಣಕ್ಕೆ ತಿರುಗುತ್ತದೆ. ಆದರೆ ಕಡುಗೆಂಪು ತಳಿಗಳಲ್ಲಿ ಈ ಕಲೆಯನ್ನು ಸಿಪ್ಪೆಯ ಬಣ್ಣವೇ ಮುಚ್ಚಿಬಿಡುವುದರಿಂದ, ಕೈಯಿಂದ ಹಣ್ಣು ಆರಿಸುವವರ ಪಳಗಿದ ಕಣ್ಣಿಗೂ ಅದು ತಪ್ಪಿಹೋಗುತ್ತದೆ. ಆದ್ದರಿಂದಲೇ ಈ ಪತ್ತೆವಿದ್ಯೆಯ ಚರಿತ್ರೆಯಲ್ಲಿ ಕ್ಯಾಮೆರಾದ ಸುಧಾರಣೆಗಿಂತ ಬೆಳಕಿನ ಆಯ್ಕೆಗೇ ಹೆಚ್ಚಿನ ಮಹತ್ವವಿದೆ.

ಅಮೆರಿಕದ ಜಿ. ಕೆ. ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ಪ್ರಕಟಿಸಿದ ಅಧ್ಯಯನವು, ಕೆಂಪು ಬೆಳಕಿನ ಆಚೆಗಿರುವ, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನು ಜಜ್ಜಿದ ಭಾಗವು ಆರೋಗ್ಯವಂತ ಭಾಗಕ್ಕಿಂತ ಕಡಿಮೆ ಪ್ರತಿಫಲಿಸುತ್ತದೆಂದು ತೋರಿಸಿತು. ಗಟ್ಟಿ ತಿರುಳಿನ ಕೋಶಗಳ ನಡುವೆ ಗಾಳಿ ತುಂಬಿದ ಸೂಕ್ಷ್ಮ ಎಡೆಗಳಿದ್ದು, ಅವು ಬೆಳಕನ್ನು ಚದುರಿಸಿ ಹೊರಗೆ ಮರಳಿಸುತ್ತವೆ. ಕೋಶ ಒಡೆದು ರಸವು ಈ ಎಡೆಗಳನ್ನು ತುಂಬಿದಾಗ ಚದುರುವಿಕೆ ತಗ್ಗಿ, ಹೆಚ್ಚಿನ ಬೆಳಕು ಒಳಗೇ ಹೀರಲ್ಪಡುವುದರಿಂದ ಆ ಭಾಗ ಕಪ್ಪಾಗಿ ಕಾಣುತ್ತದೆ. ಸಿಪ್ಪೆಯ ಕೆಂಪು ಮತ್ತು ಹಸಿರು ವರ್ಣದ್ರವ್ಯಗಳು ಈ ಬೆಳಕನ್ನು ಬಹುಮಟ್ಟಿಗೆ ತಡೆಯದಿರುವುದು ಪತ್ತೆಗೆ ದೊರೆತ ದೊಡ್ಡ ಅನುಕೂಲ.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಸಿಸಿಡಿ, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಲಿಕಾನ್ ಸಂವೇದಕವು, ಸುಮಾರು 1000 ನ್ಯಾನೊಮೀಟರ್‌ವರೆಗಿನ ಅವಕೆಂಪನ್ನೂ ಗ್ರಹಿಸಬಲ್ಲುದಾಗಿತ್ತು. 1980ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ರೆಕುಗ್ಲರ್ ಮತ್ತು ಥ್ರೂಪ್ ಕ್ಯಾಮೆರಾ ಮತ್ತು ಗಣಕವನ್ನು ಜೋಡಿಸಿ ಸೇಬನ್ನು ವಿಂಗಡಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಆದರೆ ಹಣ್ಣಿನ ತೊಟ್ಟಿನ ಕುಳಿಯೂ, ಎದುರು ತುದಿಯಲ್ಲಿ ಒಣಗಿ ಉಳಿಯುವ ಪುಷ್ಪಪಾತ್ರೆಯೂ ಚಿತ್ರದಲ್ಲಿ ಗಾಯದಂತೆಯೇ ಕಪ್ಪಾಗಿ ಮೂಡುತ್ತಿದ್ದುದು ಬಹುಕಾಲ ಬಗೆಹರಿಯದ ತೊಡಕಾಗಿತ್ತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೆನ್ ಮತ್ತು ಟಾವೊ 2000ದಲ್ಲಿ ಇದಕ್ಕೆ ಸೊಗಸಾದ ಪರಿಹಾರವನ್ನು ಮುಂದಿಟ್ಟರು: ತೊಟ್ಟು ಮತ್ತು ಪುಷ್ಪಪಾತ್ರೆಗಳನ್ನಷ್ಟೇ ಎತ್ತಿತೋರಿಸುವ ಮಧ್ಯ ಅವಕೆಂಪು ಕ್ಯಾಮೆರಾವನ್ನು ಜೊತೆಗಿಟ್ಟು, ಅದರ ಚಿತ್ರದಲ್ಲಿ ಕಂಡದ್ದನ್ನು ಸಮೀಪ ಅವಕೆಂಪು ಕ್ಯಾಮೆರಾದ ಚಿತ್ರದಿಂದ ಕಳೆದರೆ ನಿಜವಾದ ದೋಷಗಳು ಮಾತ್ರ ಉಳಿಯುತ್ತವೆ.

2003ರಲ್ಲಿ ರೆನ್‌ಫು ಲು, ಚಿತ್ರದ ಪ್ರತಿಯೊಂದು ಬಿಂದುವಿಗೂ ಪೂರ್ಣ ವರ್ಣಪಟಲವನ್ನು ದಾಖಲಿಸುವ ಹೈಪರ್‌ಸ್ಪೆಕ್ಟ್ರಲ್ ವಿಧಾನದಿಂದ 900ರಿಂದ 1700 ನ್ಯಾನೊಮೀಟರ್‌ವರೆಗೆ ಪರಿಶೀಲಿಸಿ, ಗಾಯದ ಪತ್ತೆಗೆ 1000ದಿಂದ 1340ರ ನಡುವಿನ ವಲಯ ಅತ್ಯಂತ ಸೂಕ್ತವೆಂದು ಕಂಡುಕೊಂಡರು. ಇಷ್ಟೊಂದು ದತ್ತಾಂಶವನ್ನು ವೇಗವಾಗಿ ಚಲಿಸುವ ಸಾಗುಪಟ್ಟಿಯ ಮೇಲೆ ಸಂಸ್ಕರಿಸುವುದು ಕಷ್ಟವಾದ್ದರಿಂದ, ಈ ವಿಧಾನವು ಮುಖ್ಯವಾಗಿ ವಿಂಗಡಣೆ ಯಂತ್ರಗಳಿಗೆ ಬೇಕಾದ ಕೆಲವೇ ತರಂಗಾಂತರಗಳನ್ನು ಆರಿಸಿಕೊಡುವ ಸಾಧನವಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು ಉಷ್ಣಚಿತ್ರಣವನ್ನು ಬಳಸಿತು. ಜಜ್ಜಿದ ತಿರುಳು ಬಿಸಿಯಾಗುವ ಮತ್ತು ತಣಿಯುವ ವೇಗ ಬೇರೆಯಾಗಿರುವುದೇ ಅದರ ಆಧಾರ.

2016ರಲ್ಲಿ ಪ್ರಕಟವಾದ ವಿನ್ಯಸ್ತ ಬೆಳಕಿನ ವಿಧಾನವು ಬೆಳಕಿನ ಬಣ್ಣವನ್ನು ಬಿಟ್ಟು ಅದರ ಹಂಚಿಕೆಯ ಕಡೆಗೆ ಗಮನ ಹರಿಸಿತು. ಹಣ್ಣಿನ ಮೇಲೆ ಅಲೆಯಂತೆ ಏರಿಳಿಯುವ ಬೆಳಕಿನ ಪಟ್ಟೆಗಳನ್ನು ಬೀರಿ, ಪಟ್ಟೆಗಳನ್ನು ತುಸು ತುಸು ಸರಿಸಿ ತೆಗೆದ ಚಿತ್ರಗಳನ್ನು ಗಣಿತದಿಂದ ಬೆಸೆದಾಗ, ಆಳದಿಂದ ಮರಳುವ ಮಸುಕು ಬೆಳಕು ಬೇರ್ಪಟ್ಟು, ಸಿಪ್ಪೆಯ ಕೆಳಗಿನ ತೆಳುವಾದ ಪದರದಲ್ಲಿ ಆಗಷ್ಟೇ ಉಂಟಾದ ಗಾಯವೂ ಸ್ಪಷ್ಟವಾಗಿ ಗೋಚರಿಸುತ್ತದೆ.