ರಕ್ತದ ಕೌಂಟ್ ನೋಡುತ್ತೇವೆ, ನೆನಪಿನದ್ದು?

ಕೀಮೋಥೆರಪಿ ವಾರ್ಡಿನಲ್ಲಿ ದಿನವೂ ಕಿವಿಗೆ ಬೀಳುವ ಮಾತು ‘ಕೌಂಟ್ ಎಷ್ಟಿದೆ?’ ಪ್ರತಿ ಸೈಕಲ್‌ಗೂ ಮುನ್ನ ರಕ್ತ ಪರೀಕ್ಷಿಸಿ, ಬಿಳಿ ರಕ್ತಕಣಗಳು ಸಾಕಷ್ಟಿವೆ ಎಂದು ಖಾತರಿಯಾದ ಮೇಲೆಯೇ ಡ್ರಿಪ್ ಹಾಕುತ್ತಾರೆ. ಅದೇ ವಾರ್ಡಿನಲ್ಲಿ ಬೇರೊಂದು ದೂರೂ ಕೇಳಿಸುತ್ತದೆ. ‘ಒಲೆ ಮೇಲೆ ಹಾಲಿಟ್ಟದ್ದೇ ಮರೆತುಹೋಗುತ್ತೆ’, ‘ಹೆಸರು ನಾಲಿಗೆ ತುದೀಲಿದೆ, ಬರಲ್ಲ’, ‘ತಲೆಗೆ ಮಂಕು ಕವಿದ ಹಾಗಿದೆ’. ಈ ದೂರಿಗೆ ಬಹುಕಾಲ ಸಿಕ್ಕ ಉತ್ತರ ಒಂದೇ: ಚಿಂತೆ ಬಿಡಿ, ಚೆನ್ನಾಗಿ ನಿದ್ದೆ ಮಾಡಿ, ಸರಿಹೋಗುತ್ತೆ. ‘ಕೀಮೋ ಬ್ರೈನ್’ ಎಂದು ಹೆಸರಾದ ಈ ಮಂಕನ್ನು ಅಳೆಯಲು ವೈದ್ಯಲೋಕ ನಾಲ್ಕು ದಶಕಗಳಿಂದ ಕಲಿಯುತ್ತಿದೆ. ಆ ಕಲಿಕೆಯುದ್ದಕ್ಕೂ ಎದುರಾದ ಪ್ರಶ್ನೆ, ಯಾರಿಗೆ ಹೋಲಿಸಿ ಅಳೆಯಬೇಕು ಎಂಬುದು.

ಮಕ್ಕಳು ಕಲಿಸಿದ ಪಾಠ

ಮೊದಲು ಎಚ್ಚರಿಸಿದವರು ಮಕ್ಕಳು. ರಕ್ತದ ಕ್ಯಾನ್ಸರ್ ಮೆದುಳಿನಲ್ಲಿ ಅಡಗಿ ಮರುಕಳಿಸದಿರಲೆಂದು ಮಕ್ಕಳ ತಲೆಗೆ ವಿಕಿರಣ ಕೊಡುತ್ತಿದ್ದ ಕಾಲವದು. ಮಕ್ಕಳು ಬದುಕಿದರು, ಆದರೆ ಕಲಿಕೆಯಲ್ಲಿ ಹಿಂದೆ ಬಿದ್ದರು. ಹೀಗೆ ವಿಕಿರಣ ಪಡೆದ ಮಕ್ಕಳ ಬುದ್ಧಿಮತ್ತೆಯ ಅಂಕ ಇಳಿಯುತ್ತಿದೆ ಎಂದು ಅನ್ನಾ ಮೆಡೋಸ್ ಮತ್ತು ಸಂಗಡಿಗರು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದೆ ವಿಕಿರಣದ ಪ್ರಮಾಣ ತಗ್ಗುತ್ತಾ ಬಂತು. ಬೆನ್ನುಹುರಿಯ ದ್ರವಕ್ಕೆ ಔಷಧಿ ಕೊಡುವ ಕ್ರಮ ಬಲಗೊಂಡಿತು. ತಲೆಗೆ ವಿಕಿರಣವನ್ನೇ ಕೊಡದೆ ಈ ಮಕ್ಕಳನ್ನು ಗುಣಪಡಿಸಬಹುದು ಎಂದು ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆ 2009ರಲ್ಲಿ ತೋರಿಸಿತು. ಅಳೆದು ನೋಡಿದ್ದರಿಂದಲೇ ಚಿಕಿತ್ಸೆ ಬದಲಾಯಿತು.

ವಯಸ್ಕರ ಸರದಿ

ಕೀಮೋ ಪಡೆಯುತ್ತಿರುವ ವಯಸ್ಕರಲ್ಲಿ ಕಾಣುವ ಮಂಕಿಗೆ ಖಿನ್ನತೆಯೊಂದೇ ಕಾರಣವಲ್ಲ ಎಂದು ಪೀಟರ್ ಸಿಲ್ಬರ್‌ಫಾರ್ಬ್ 1980ರಲ್ಲೇ ಬರೆದಿದ್ದರು. ಆದರೆ ಹಾಸಿಗೆಯ ಪಕ್ಕ ಕೂತು ಅಳೆಯಲು ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು 1975ರಲ್ಲಿ ಬಂದ 30 ಅಂಕದ ಮಿನಿ ಮೆಂಟಲ್ ಪರೀಕ್ಷೆ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳುವ ಈ ಪರೀಕ್ಷೆ ಮರೆಗುಳಿ ಕಾಯಿಲೆ ಹಿಡಿಯಲು ಹೊಂದುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ತಪ್ಪುತ್ತಿರುವ ಗುಮಾಸ್ತೆಯೊಬ್ಬಳು ಇದರಲ್ಲಿ ಸಲೀಸಾಗಿ 29 ಅಂಕ ತೆಗೆಯಬಲ್ಲಳು.

1995ರಲ್ಲಿ ವೀನಿಕೆ ಮತ್ತು ಡೀನ್ಸ್ಟ್ ಸ್ತನ ಕ್ಯಾನ್ಸರಿನ 28 ಮಹಿಳೆಯರನ್ನು ವಿಸ್ತಾರವಾದ ಪರೀಕ್ಷೆಗಳಿಗೆ ಒಳಪಡಿಸಿದಾಗ, ನಾಲ್ವರಲ್ಲಿ ಮೂವರು ಒಂದಲ್ಲ ಒಂದು ಪರೀಕ್ಷೆಯಲ್ಲಿ ಹಿಂದುಳಿದಿದ್ದರು. 1998ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡಾಮ್ ತಂಡ ಮೂರು ಗುಂಪುಗಳನ್ನು ಹೋಲಿಸಿತು. ಭಾರಿ ಡೋಸ್ ಪಡೆದವರಲ್ಲಿ ಶೇ 32, ಸಾಮಾನ್ಯ ಡೋಸ್ ಪಡೆದವರಲ್ಲಿ ಶೇ 17, ಕೀಮೋ ಪಡೆಯದ ರೋಗಿಗಳಲ್ಲಿ ಶೇ 9ರಷ್ಟು ಮಂದಿಗೆ ತೊಂದರೆಯಿತ್ತು. ಡೋಸ್ ಏರಿದಂತೆ ಮಂಕೂ ಏರಿತ್ತು. ಆದರೆ ಚಿಕಿತ್ಸೆಗೆ ಮುಂಚೆ ಇವರೆಲ್ಲ ಹೇಗಿದ್ದರು ಎಂಬುದನ್ನು ಯಾರೂ ಅಳೆದಿರಲಿಲ್ಲ.

ಆ ಕೊರತೆ ತುಂಬಿದ್ದು ಹ್ಯೂಸ್ಟನ್‌ನ ಜೆಫ್ರಿ ವೆಫೆಲ್ ತಂಡ. 2004ರ ಅವರ ಅಧ್ಯಯನದಲ್ಲಿದ್ದವರು 18 ಮಹಿಳೆಯರು ಮಾತ್ರ, ಆದರೆ ಎಲ್ಲರನ್ನೂ ಕೀಮೋಗೆ ಮುನ್ನವೇ ಪರೀಕ್ಷಿಸಲಾಗಿತ್ತು. ಮೂರನೇ ಒಂದು ಭಾಗದವರಿಗೆ ಔಷಧಿ ಮುಟ್ಟುವ ಮೊದಲೇ ತೊಂದರೆಯಿತ್ತು! ಕೀಮೋ ನಂತರ ಶೇ 61ರಷ್ಟು ಮಂದಿ ತಮ್ಮದೇ ಹಿಂದಿನ ಮಟ್ಟಕ್ಕಿಂತ ಕೆಳಗಿಳಿದಿದ್ದರು. ಮೊದಲು ಬಹಳ ಚುರುಕಾಗಿದ್ದವರು ಕುಸಿದರೂ ಅವರ ಅಂಕ ‘ಸಾಮಾನ್ಯ’ದ ಗೆರೆಯೊಳಗೇ ನಿಲ್ಲಬಹುದು. ಅವರ ನಷ್ಟ ಕಾಣಬೇಕಾದರೆ ಅವರನ್ನು ಅವರೊಂದಿಗೇ ಹೋಲಿಸಬೇಕು.

ಮೂರು ಪರೀಕ್ಷೆ, ಒಂದು ಮಾತು

ಅಲ್ಲಿಯವರೆಗೆ ಒಬ್ಬೊಬ್ಬರ ಅಳತೆಗೋಲು ಒಂದೊಂದು. 2011ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ಕಾರ್ಯಪಡೆ ಮೂರು ಪರೀಕ್ಷೆಗಳನ್ನು ಮುಖ್ಯವಾಗಿ ಶಿಫಾರಸು ಮಾಡಿತು. ಮೊದಲನೆಯದು, 12 ಪದಗಳನ್ನು ಮೂರು ಸಲ ಓದಿ ಹೇಳಿ, ಪ್ರತಿ ಸಲವೂ ನೆನಪಿದ್ದಷ್ಟು ಹೇಳಿಸುವುದು; ಸುಮಾರು 20 ನಿಮಿಷ ಬೇರೆ ಕೆಲಸ ಕೊಟ್ಟು ಮತ್ತೆ ಕೇಳುವುದು. ಎರಡನೆಯದು, ಹಾಳೆಯಲ್ಲಿ ಚದುರಿದ ಅಂಕಿಗಳನ್ನು, ಆಮೇಲೆ ಅಂಕಿ–ಅಕ್ಷರಗಳನ್ನು ಸರದಿಯಂತೆ ಗೆರೆ ಎಳೆದು ಸೇರಿಸುವುದು. ಮೂರನೆಯದು, ಒಂದು ಅಕ್ಷರ ಕೊಟ್ಟು, ಅದರಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಆದಷ್ಟೂ ಹೇಳಿಸುವುದು. ನೆನಪು, ವೇಗ, ಯೋಚನೆಯ ಹಿಡಿತ ಮೂರೂ ಇದರಲ್ಲಿ ಬಂದವು. ಪರೀಕ್ಷೆ ಎರಡನೇ ಸಲ ತೆಗೆದುಕೊಂಡಾಗ ಅಭ್ಯಾಸಬಲದಿಂದಲೇ ಅಂಕ ಏರುವುದರಿಂದ ಹೋಲಿಕೆಯ ಗುಂಪೂ ಬೇಕೆಂದು ಕಾರ್ಯಪಡೆ ಹೇಳಿತು.

ಆದರೂ ಒಂದು ಗಂಟು ಉಳಿದಿತ್ತು. ಮಂಕು ಎನ್ನುವವರ ಅಂಕ ಎಷ್ಟೋ ಸಲ ಚೆನ್ನಾಗಿಯೇ ಇರುತ್ತಿತ್ತು. 2007ರಲ್ಲಿ ವರದಿಯಾದ ಅರವತ್ತು ವರ್ಷದ ಅವಳಿ ಸಹೋದರಿಯರು ಇದಕ್ಕೊಂದು ಸುಳಿವು ಕೊಟ್ಟರು. ಒಬ್ಬರು ಕೀಮೋ ಪಡೆದವರು, ಇನ್ನೊಬ್ಬರು ಆರೋಗ್ಯವಂತರು. ಪರೀಕ್ಷೆಯಲ್ಲಿ ಇಬ್ಬರಿಗೂ ಹೆಚ್ಚು ಅಂತರವಿರಲಿಲ್ಲ. ಆದರೆ ಅದೇ ಕೆಲಸಕ್ಕೆ ಕೀಮೋ ಪಡೆದವರ ಮೆದುಳಿನ ಹೆಚ್ಚು ಭಾಗ ದುಡಿಯುತ್ತಿದ್ದದ್ದು ಸ್ಕ್ಯಾನ್‌ನಲ್ಲಿ ಕಂಡಿತು. ಅಂಕ ಅಷ್ಟೇ, ಶ್ರಮ ಮಾತ್ರ ಹೆಚ್ಚು. ರೋಗಿ ಹೇಳುತ್ತಿದ್ದದ್ದು ಆ ಶ್ರಮದ ಬಗ್ಗೆ. ರೋಗಿಯ ಅನುಭವವನ್ನೇ ಕೇಳುವ ‘ಫ್ಯಾಕ್ಟ್-ಕಾಗ್’ ಪ್ರಶ್ನಾವಳಿಯನ್ನು ಬಳಸಿದ 2017ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರಿಗೆ ಕೀಮೋ ಪಡೆದವರಲ್ಲಿ ಶೇ 45, ಆರೋಗ್ಯವಂತರಲ್ಲಿ ಶೇ 10ರಷ್ಟು ಮಂದಿ ಗಮನಾರ್ಹ ಇಳಿಕೆ ಹೇಳಿಕೊಂಡರು.

ಅಳತೆಗೋಲು ಚಿಕಿತ್ಸೆಯನ್ನೂ ತಿದ್ದುತ್ತಿದೆ. ಕ್ಯಾನ್ಸರ್ ಮೆದುಳಿಗೆ ಹರಡಿದವರಿಗೆ ವಿಕಿರಣ ಕೊಡುವಾಗ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗವನ್ನು ತಪ್ಪಿಸಿದರೆ ಅರಿವಿನ ಕುಸಿತ ಕಡಿಮೆಯಾಗುತ್ತದೆ ಎಂದು 518 ರೋಗಿಗಳ ಪ್ರಯೋಗ 2020ರಲ್ಲಿ ತೋರಿಸಿತು. ಅಲ್ಲಿಯೂ ಅಳೆದದ್ದು ಇದೇ ಮೂರು ಪರೀಕ್ಷೆಗಳಿಂದ.

ಕನ್ನಡದಲ್ಲಿ ಅಳೆಯುವುದು

ಇಂಗ್ಲಿಷ್ ಅಕ್ಷರ ಬಾರದವರ ಮುಂದೆ ‘1-ಎ-2-ಬಿ’ ಹಾಳೆ ಇಟ್ಟರೆ ಅಳೆದಂತಾಗುವುದು ಅವರ ಶಾಲೆಯನ್ನು, ಮೆದುಳನ್ನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ಪರೀಕ್ಷಾಮಾಲೆ ಈ ತೊಡಕನ್ನು ಎದುರಿಸಿದೆ. ಅಕ್ಷರಗಳ ಬದಲು ಬಣ್ಣದ ಹಾದಿ; ಪದ ಹೇಳಿಸಲು ಕ, ಪ, ಮ; ವಯಸ್ಸು, ಓದು ನೋಡಿ ಬೇರೆ ಬೇರೆ ಮಾನದಂಡ. ಓದು ಬಾರದವರಿಗೂ ಅಲ್ಲಿ ಜಾಗವಿದೆ. ‘ಕ’ ಕೊಟ್ಟಾಗ ಕಾಗೆ, ಕಿವಿ, ಕೊಡೆ ಎಂದರೆ ಒಪ್ಪಬೇಕೇ? ಇಂಥ ಸಣ್ಣ ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ ಎರಡು ಆಸ್ಪತ್ರೆಗಳ ಅಂಕ ಒಂದಕ್ಕೊಂದು ತಾಳೆಯಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸಾಧನಗಳೂ ಈಗ ಕನ್ನಡದಲ್ಲಿವೆ.

ಸಾಧನವಿದೆ, ಬೇಕಾದದ್ದು ಮೊದಲ ಡ್ರಿಪ್‌ಗೂ ಮುಂಚಿನ ಅರ್ಧ ಗಂಟೆ. ಆ ಅರ್ಧ ಗಂಟೆಯ ಅಂಕ ಕಡತದಲ್ಲಿದ್ದರೆ, ಆರು ತಿಂಗಳ ನಂತರ ‘ಮೊದಲಿನ ಹಾಗಿಲ್ಲ’ ಎಂದು ಬಂದವರಿಗೆ ‘ಚಿಂತೆ ಬಿಡಿ’ ಎನ್ನಬೇಕಾಗಿಲ್ಲ. ಮೊದಲು ಹೇಗಿತ್ತು ಎಂಬುದು ಎದುರಿಗೇ ಇರುತ್ತದೆ.