ಕರು ಹಾಕಿದ ಹಸುವಿಗೆ ಚುಚ್ಚುಮದ್ದು: ಯಾವುದು, ಯಾವಾಗ?

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳಿಗೆ ಕರು ಹಾಕಿದ ಮೊದಲ ಕೆಲವು ವಾರಗಳು ಬಹಳ ನಾಜೂಕಿನವು. ಒಂದು ಲೀಟರ್ ಗಿಣ್ಣುಹಾಲಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೊರಹೋಗುತ್ತದೆ. ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದೇ 3 ಗ್ರಾಂನಷ್ಟು. ಉಳಿದದ್ದು ಮೇವು ಮತ್ತು ಎಲುಬಿನಿಂದ ಬರಬೇಕು. ಅದು ತಡವಾದರೆ ತೊಂದರೆ ಆರಂಭ.

ಹಾಲುಜ್ವರ: ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ಸಾಮಾನ್ಯವಾಗಿ ಕರು ಹಾಕಿದ 3 ದಿನಗಳೊಳಗೆ, ಮೂರನೇ ಕರುವಿನ ನಂತರ ಹೆಚ್ಚು. ಹಸು ನಡುಗುತ್ತದೆ, ಮೇವು ಬಿಡುತ್ತದೆ, ಕಿವಿ ತಣ್ಣಗಾಗುತ್ತದೆ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ಇದಕ್ಕೆ ಮದ್ದು ಕ್ಯಾಲ್ಸಿಯಂ ಬೋರೋಗ್ಲುಕೋನೇಟ್. ರಕ್ತನಾಳಕ್ಕೆ ನಿಧಾನವಾಗಿ, ಹೃದಯದ ಬಡಿತ ಗಮನಿಸುತ್ತಾ ಕೊಡಬೇಕು. ಅವಸರದಲ್ಲಿ ಹೋದರೆ ಹೃದಯ ನಿಂತು ಹಸು ಸಾಯಬಹುದು. ಆದ್ದರಿಂದ ಇದು ಪಶುವೈದ್ಯರ ಕೆಲಸ. ಎದ್ದು ನಿಂತ ಹಸು ಮರುದಿನ ಮತ್ತೆ ಬೀಳುವುದೂ ಉಂಟು.

ಕೀಟೋಸಿಸ್: ಹೆಚ್ಚಾಗಿ ಕರು ಹಾಕಿದ ಮೊದಲ 6 ವಾರಗಳಲ್ಲಿ ಬರುತ್ತದೆ. ಹಸು ಹಿಂಡಿ ಬಿಟ್ಟು ಬೈಹುಲ್ಲು ಮಾತ್ರ ತಿನ್ನುತ್ತದೆ, ಹಾಲು ಇಳಿಯುತ್ತದೆ, ಮೈ ಸೊರಗುತ್ತದೆ. ಇಲ್ಲಿ ಕೊರತೆ ಇರುವುದು ಸಕ್ಕರೆಯ ಅಂಶಕ್ಕೆ. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಕೊಡುವುದು ರೂಢಿ.

ಬ್ಯುಟಾಫಾಸ್ಫಾನ್ ಮತ್ತು ಬಿ12: ಔಷಧದಂಗಡಿಯಲ್ಲಿ 'ಶಕ್ತಿಯ ಇಂಜೆಕ್ಷನ್' ಎಂದು ಸಿಗುವ ಮದ್ದುಗಳಲ್ಲಿ ಇದೂ ಒಂದು. ಪಿತ್ತಜನಕಾಂಗದಲ್ಲಿ ಸಕ್ಕರೆ ತಯಾರಾಗಲು ನೆರವಾಗುತ್ತದೆ. ಕೀಟೋಸಿಸ್‌ನಲ್ಲಿ ಇತರ ಚಿಕಿತ್ಸೆಯ ಜೊತೆ ಉಪಯೋಗವಿದೆ. ಆದರೆ ಇದರಲ್ಲಿ ಕ್ಯಾಲ್ಸಿಯಂ ಇಲ್ಲ. ಹಾಲುಜ್ವರದಿಂದ ಬಿದ್ದ ಹಸುವಿಗೆ ಇದೊಂದನ್ನೇ ಚುಚ್ಚಿ ಬೆಳಗಿನವರೆಗೆ ಕಾಯುವುದು ದೊಡ್ಡ ಅಪಾಯ. ಹೆಚ್ಚು ಹೊತ್ತು ಬಿದ್ದಿದ್ದರೆ ಕಾಲಿನ ಮಾಂಸಖಂಡಗಳು ಜಖಂಗೊಂಡು, ಕ್ಯಾಲ್ಸಿಯಂ ಕೊಟ್ಟರೂ ಹಸು ಏಳದೆ ಹೋಗಬಹುದು.

ವೈದ್ಯರು ಬರುವವರೆಗೆ: ಹಸುವನ್ನು ಎದೆಯ ಮೇಲೆ ಕೂರಿಸಿ, ಬದಿಗೆ ವಾಲದಂತೆ ಹುಲ್ಲಿನ ಮೂಟೆಯ ಆಸರೆ ಕೊಡಿ. ಗಂಜಿ, ಎಣ್ಣೆ, ಕಷಾಯ ಬಾಯಿಗೆ ಹೊಯ್ಯಬೇಡಿ. ನುಂಗಲು ಶಕ್ತಿಯಿಲ್ಲದೆ ಶ್ವಾಸಕೋಶಕ್ಕೆ ಹೋಗುತ್ತದೆ. ಸಮೀಪದ ಮೃಗಾಸ್ಪತ್ರೆಗೆ, ಸಂಚಾರಿ ಚಿಕಿತ್ಸಾ ಘಟಕ ಇರುವಲ್ಲಿ 1962ಕ್ಕೆ ಕರೆ ಮಾಡಿ.

ಮುನ್ನೆಚ್ಚರಿಕೆ: ಕರು ಹಾಕುವ ಮುಂಚಿನ 2-3 ವಾರ ಕ್ಯಾಲ್ಸಿಯಂ ಟಾನಿಕ್ ಧಾರಾಳವಾಗಿ ಕುಡಿಸುವ ಅಭ್ಯಾಸ ಹಲವರಲ್ಲಿದೆ. ಇದರಿಂದ ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ದೇಹದ ವ್ಯವಸ್ಥೆ ಮಂದವಾಗಿ ಹಾಲುಜ್ವರಕ್ಕೆ ದಾರಿಯಾಗುತ್ತದೆ. ಟಾನಿಕ್ ಬೇಕಾದದ್ದು ಕರು ಹಾಕಿದ ಮೇಲೆ. ಹಿಂದೊಮ್ಮೆ ಹಾಲುಜ್ವರ ಬಂದ ಹಸುವಾದರೆ ಗಬ್ಬದ ಕೊನೆಯ ತಿಂಗಳಲ್ಲೇ ವೈದ್ಯರಿಗೆ ತಿಳಿಸಿಡಿ.